ಕುರುಡು ಪಾದ್ರಿಯ ಕಡ್ಡಿ

ಕುರುಡು ಪಾದ್ರಿ ಎಂಬ ಗಾಂಜಾ ತಳಿ ಹುಟ್ಟಿದ್ದು ಎಲ್ಲಿ ಎಂಬುದಕ್ಕೆ ಮಟ್ಟೋಲ್ ನದಿಯ ಆಚೀಚೆಯ ಗುಡ್ಡಗಳಲ್ಲಿ ಎಷ್ಟು ಮನೆಗಳಿದ್ದವೋ ಅಷ್ಟು ಕಥೆಗಳಿದ್ದವು. ಅಫ್ಘಾನಿಸ್ತಾನದಿಂದ ಯಾರೋ ಗಿಟಾರಿನ ಹೊಟ್ಟೆಯೊಳಗೆ ಬೀಜ ತುಂಬಿಕೊಂಡು ಬಂದರು ಎನ್ನುವವರು ಕೆಲವರು. ಅಲ್ಲವೇ ಅಲ್ಲ, ವಿಯೆಟ್ನಾಮಿನಿಂದ ಮರಳಿದ ಸಿಪಾಯಿಯ ಬೂಟಿನ ಅಟ್ಟೆಯಲ್ಲಿತ್ತು ಎನ್ನುವವರು ಇನ್ನು ಕೆಲವರು. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂರುವ ಒಬ್ಬ ಮಹಾಶಯನಂತೂ ರೈಲು ಬಿಡುತ್ತ ಬಿಡುತ್ತ ಅದನ್ನು ಟಿಬೆಟ್ಟಿನ ಮಠದವರೆಗೂ ಮುಟ್ಟಿಸಿದ್ದ.

ಲೊರೇನ್ ಮೆಕಲಮ್ ಇವನ್ನೆಲ್ಲ ಕೇಳಿ ಮೂಗು ಮುರಿಯುತ್ತಿದ್ದಳು. ಆ ಮೂಗಿಗೆ ಗುಡ್ಡದಲ್ಲಿ ಒಂದು ಹೆಸರೇ ಇತ್ತು. "ಗಿಡದ ಡಬ್ಬದ ಮೇಲೆ ಏನು ಬರೆದಿದೆ ಅಂತ ಯಾಕ್ರೋ ನೋಡ್ತೀರಿ?" ಎಂದು ಹುಡುಗರನ್ನು ಗದರುತ್ತಿದ್ದಳು. "ಕಾಂಡ ಉಜ್ಜಿ, ಬೆರಳು ಮೂಸಿ. ಗಿಡ ತಾನು ಯಾರು ಅಂತ ತಾನೇ ಹೇಳತ್ತೆ. ಹೆಸರು ಇಟ್ಟೋನು ಸುಳ್ಳ, ಮೂಗು ಸುಳ್ಳು ಹೇಳಲ್ಲ."

ಬೇರೆಯವರ ಕಥೆಗಳನ್ನು ನಂಬದ ಲೊರೇನ್‌ಗೆ ತನ್ನ ಕಥೆಯ ಮೇಲೆ ಮಾತ್ರ ಬೆಟ್ಟದಷ್ಟು ನಂಬಿಕೆ. ಕುರುಡು ಪಾದ್ರಿ ಅವಳ ಗಂಡ ವೆಂಡೆಲ್ ಎಂಟು ವರ್ಷ ಗಿಡಕ್ಕೆ ಗಿಡ ಕೂಡಿಸಿ ಮಾಡಿದ ತಳಿ. ಅದನ್ನು ಉಳಿಸಿದವಳು ಅವಳು. ಗಾಂಜಾ ಹುಡುಕಲು ಹೆಲಿಕಾಪ್ಟರುಗಳು ಹಾರುತ್ತಿದ್ದ ಕಾಲದಲ್ಲಿ ಪೊಲೀಸರು ತೋಟವನ್ನೆಲ್ಲ ಕಡಿದು ವೆಂಡೆಲ್‌ನನ್ನು ಜೈಲಿಗೆ ಹಾಕಿದಾಗ, ಬಟ್ಟೆಯ ಕಪಾಟಿನೊಳಗೆ ದೀಪದ ಕೆಳಗಿದ್ದ ಒಂದೇ ಒಂದು ತಾಯಿಗಿಡ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆ ಚಳಿಗಾಲ ಅದಕ್ಕೂ ಎಲೆ ಹಳದಿಯಾಗಿ, ಕಾಂಡ ಬಾಗಿ, ಇನ್ನೇನು ಹೋಯಿತು ಎನ್ನುವ ಹಾಗಾಯಿತು. ಲೊರೇನ್ ಮೀನಿನ ತಲೆಗಳನ್ನು ಕೊಳೆಸಿದ ನೀರು ಹಾಕಿದಳು. ವಾರದೊಳಗೆ ಗಿಡ ಹಸಿರಾಗಿ ಎದ್ದು ನಿಂತಿತು. ಪ್ರತಿ ಸುಗ್ಗಿಯ ಊಟದಲ್ಲೂ ಅವಳು ಈ ಕಥೆಯನ್ನು ಹೇಳುತ್ತಿದ್ದಳು. ಅದನ್ನು ಕೇಳಿ ಅರ್ಧ ಕಣಿವೆಯ ಜನ ಸಾಯುವ ಗಿಡಕ್ಕೆಲ್ಲ ಮೀನಿನ ನೀರು ಹಾಕಿ ಮನೆ ತುಂಬ ನಾತ ಮಾಡಿಕೊಳ್ಳುತ್ತಿದ್ದರು.

ವೆಂಡೆಲ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹೋದ ಸೆಪ್ಟೆಂಬರಿನ ಕಾಡ್ಗಿಚ್ಚು ಅವಳ ಮನೆಯನ್ನು ಬಿಟ್ಟು ಗಿಡಗಳ ಶೆಡ್ಡನ್ನು ಮಾತ್ರ ಹೆಕ್ಕಿ ತಿಂದಿತು. ತಾಯಿಗಿಡ ಬೂದಿಯಾಯಿತು. ಅವಳು ಮೊದಲಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಆ ಗಿಡದಿಂದ ಕತ್ತರಿಸಿದ, ನೆಟ್ಟರೆ ಅದೇ ತಳಿಯಾಗಿ ಬೇರು ಬಿಡುವ ಕಡ್ಡಿಗಳನ್ನು ಮದುವೆಗೆ, ಮಗು ಹುಟ್ಟಿದ್ದಕ್ಕೆ, ಟ್ರಕ್ಕು ರಿಪೇರಿ ಮಾಡಿಕೊಟ್ಟಿದ್ದಕ್ಕೆ ಅಂತ ಎಷ್ಟು ಜನಕ್ಕೆ ಹಂಚಿರಲಿಲ್ಲ! ಒಂದು ವಾಪಸ್ ತಂದು ನೆಟ್ಟರಾಯಿತು ಎಂದುಕೊಂಡಳು.

ವಸಂತ ಬಂದಮೇಲೆ ಹುಡುಕಲು ಹೊರಟಳು. ಹೋದ ಮನೆಯಲ್ಲೆಲ್ಲ ಕುರುಡು ಪಾದ್ರಿ ಇತ್ತು. ಒಂದನ್ನು ಉಜ್ಜಿದರೆ ಸೀಮೆಎಣ್ಣೆ ವಾಸನೆ, ಇನ್ನೊಂದನ್ನು ಉಜ್ಜಿದರೆ ನಿಂಬೆಸಿಪ್ಪೆ. ಮೂರನೆಯದಂತೂ ಅಪ್ಪಟ ಬೆಕ್ಕಿನ ಉಚ್ಚೆ. "ಇದು ನೀವೇ ಕೊಟ್ಟಿದ್ದು ಆಂಟಿ, ಆಣೆ ಮಾಡ್ತೀನಿ," ಎಂದು ಎಲ್ಲರೂ ಎದೆ ಮುಟ್ಟಿಕೊಂಡರು. ಅವಳು ಕೊಟ್ಟ ಕಡ್ಡಿ ಒಣಗಿದಾಗ ಅವರು ಪಕ್ಕದವರಿಂದ ಇನ್ನೊಂದು ತಂದಿದ್ದರು. ಪಕ್ಕದವರದ್ದು ಯಾವತ್ತೋ ಡಬ್ಬ ಅದಲುಬದಲಾಗಿತ್ತು. ಹೆಸರು ಮಾತ್ರ ಎಲ್ಲ ಕಡೆ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಮೇ ಮುಗಿಯುವುದರೊಳಗೆ ಗಿಡ ನೆಲಕ್ಕಿಳಿಯಬೇಕು. ಆದರೆ ಲೊರೇನ್‌ಗೆ ಬೆಳೆಗಿಂತ ಬೇರೆ ಚಿಂತೆ ಹತ್ತಿತ್ತು. ವೆಂಡೆಲ್ ಕೈಯಲ್ಲಿ ಮಾಡಿದ್ದರಲ್ಲಿ ಇನ್ನೂ ಜೀವ ಇರುವುದು ಅದೊಂದೇ. ಅದೂ ಹೋದರೆ ಅವನು ಇನ್ನೊಂದು ಸಲ ಸತ್ತ ಹಾಗೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಉಳಿದದ್ದು ಹಾರ್ಲನ್ ಪ್ರೌಟಿ ಒಬ್ಬನೇ. ಒಳ್ಳೆಯ ತಾಯಿಗಿಡವನ್ನು ಒಂದೇ ಕಡೆ ಇಡುವ ದಡ್ಡರು ಆ ಗುಡ್ಡದಲ್ಲಿ ಇರಲಿಲ್ಲ. ನಂಬಿಕೆಯ ನೆರೆಯವನ ಮನೆಯಲ್ಲಿ ಒಂದು ಕಡ್ಡಿ ಬೇರು ಬಿಟ್ಟು ಕೂತಿರಬೇಕು ಎಂಬುದು ಅಲ್ಲಿಯ ರೂಢಿ. "ಏನಾದ್ರೂ ಆದ್ರೆ ಹಾರ್ಲನ್ ಹತ್ರ ಇದೆ," ಎಂದು ವೆಂಡೆಲ್ ಸಾಯುವವರೆಗೂ ಹೇಳುತ್ತಿದ್ದ. ಅಲ್ಲಿಗೇ ಮೊದಲು ಹೋಗಬೇಕಾಗಿತ್ತು. ಹೋಗದಿರಲು ಕಾರಣವಿತ್ತು: ವೆಂಡೆಲ್‌ನನ್ನು ಮಣ್ಣು ಮಾಡಿದ ದಿನದ ಊಟದಲ್ಲಿ ಲೊರೇನ್ ಎದ್ದು ನಿಂತು ಮೀನಿನ ನೀರಿನ ಕಥೆ ಹೇಳುತ್ತಿದ್ದಾಗ ಹಾರ್ಲನ್ ತಟ್ಟೆ ಬಿಟ್ಟು ನಡೆದುಬಿಟ್ಟಿದ್ದ. ಅಂದಿನಿಂದ ಮಾತಿಲ್ಲ.

ಏಪ್ರಿಲ್ಲಿನ ಒಂದು ಬೆಳಿಗ್ಗೆ ಸೊಕ್ಕನ್ನು ನುಂಗಿಕೊಂಡು, ಸೇಬಿನ ಪೈ ಒಂದನ್ನು ಮಡಿಲಲ್ಲಿಟ್ಟುಕೊಂಡು ಟ್ರಕ್ಕು ಹತ್ತಿದಳು.

ಬಾಗಿಲು ತೆಗೆದವಳು ಹಾರ್ಲನ್‌ನ ಅಕ್ಕನ ಮಗಳು ಪೆಟ್ರಾ. ಚಳಿಗಾಲದಲ್ಲಿ ಮುದುಕ ಸೊಂಟದ ಮೂಳೆ ಮುರಿದುಕೊಂಡ ಮೇಲೆ ನೋಡಿಕೊಳ್ಳಲು ಫ್ರೆಸ್ನೋದಿಂದ ಬಂದವಳು. ಬಲು ಅಚ್ಚುಕಟ್ಟು ಹೆಂಗಸು. ಬಂದ ತಿಂಗಳಲ್ಲೇ ಆ ಮನೆಯ ನೆಲಕ್ಕೆ ಬಣ್ಣವೊಂದಿದೆ ಎಂದು ಜಗತ್ತಿಗೆ ತೋರಿಸಿಕೊಟ್ಟಿದ್ದಳು.

"ಬನ್ನಿ ಆಂಟಿ, ಕಾಫಿ ಬಿಸಿ ಇದೆ. ಮಾಮ ಒಲೆ ಹತ್ರ ಕೂತಿದ್ದಾರೆ."

ಹಾರ್ಲನ್ ಗಾಲಿ ಕುರ್ಚಿಯಲ್ಲಿದ್ದ. ಎಂಬತ್ತು ದಾಟಿದ ಮುಖ, ಅದರಲ್ಲಿ ತುಂಟತನ ಮಾತ್ರ ಮುಪ್ಪಾಗಿರಲಿಲ್ಲ. "ಓಹೋ, ದಾರಿ ತಪ್ಪಿ ಬಂದ್ಯೇನೇ?"

"ಊಟದ ಮಧ್ಯೆ ಎದ್ದು ಹೋದೋನು ನೀನು. ಬರಬೇಕಾಗಿದ್ದೂ ನೀನೇ."

"ಸೊಂಟ ಮುರ್ಕೊಂಡಿದ್ದೀನಿ ಕಣೇ."

"ಅದು ಮೊನ್ನೆ ಚಳಿಗಾಲದಲ್ಲಿ. ಅದಕ್ಕೆ ಮುಂಚೆ ಮೂರು ವರ್ಷ ಸೊಂಟ ಯಾರಿಗೆ ಬಾಡಿಗೆಗೆ ಕೊಟ್ಟಿದ್ದೆ?"

ಹಾರ್ಲನ್ ನಕ್ಕ. ಪೈ ಕತ್ತರಿಸಿದ್ದಾಯಿತು. ಲೊರೇನ್ ಸುತ್ತಿಬಳಸದೆ ವಿಷಯಕ್ಕೆ ಬಂದಳು. ಶೆಡ್ಡು ಸುಟ್ಟಿದ್ದು, ಊರೆಲ್ಲ ಅಲೆದಿದ್ದು, ಬೆಕ್ಕಿನ ಉಚ್ಚೆ, ಎಲ್ಲ. "ವೆಂಡೆಲ್ ನಿನ್ನ ಹತ್ರ ಇಟ್ಟಿರೋದು ಬೇಕು. ಒಂದೇ ಒಂದು ಕಡ್ಡಿ ಸಾಕು."

ಮುದುಕನ ಚಮಚ ತಟ್ಟೆಯ ಅಂಚಿನಲ್ಲಿ ನಿಂತಿತು. "ಹಸಿರುಮನೆಗೆ ಹೋಗಿ ನೋಡ್ಕೋ. ನಿನ್ನ ಮೂಗು ಇದ್ಯಲ್ಲ, ಜಗತ್ಪ್ರಸಿದ್ಧ," ಎಂದ.

ಹಸಿರುಮನೆಯಲ್ಲಿ ಡಬ್ಬಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮೇಲೂ ಟೇಪು, ಟೇಪಿನ ಮೇಲೆ ಹಾರ್ಲನ್‌ನ ಕೋಳಿಕಾಲು ಅಕ್ಷರ. ನೇರಳೆ ರಾಣಿ. ಮಲಗೋ ಕರಡಿ. ಮೂರನೆಯ ಸಾಲಿನ ಮಧ್ಯದಲ್ಲಿ, ದಪ್ಪ ಅಕ್ಷರದಲ್ಲಿ, ಕುರುಡು ಪಾದ್ರಿ. ಲೊರೇನ್ ಅದರ ಮುಂದೆ ಬಗ್ಗಿದಳು. ಕಾಂಡ ಉಜ್ಜಿ ಮೂಸಿದಳು. ಒದ್ದೆ ರಟ್ಟಿನ ವಾಸನೆ. ಇದಕ್ಕಿಂತ ಬೆಕ್ಕಿನದೇ ವಾಸಿ ಎನ್ನಿಸಿತು.

"ಹಾರ್ಲನ್!" ಎಂದು ಅಲ್ಲಿಂದಲೇ ಕೂಗಿದಳು. "ಈ ದರಿದ್ರಕ್ಕೆ ಪಾದ್ರಿ ಹೆಸರು ಇಟ್ಟಿದ್ದೀಯಲ್ಲೋ!"

ಪೆಟ್ರಾ ತಳ್ಳಿಕೊಂಡು ಬಂದ ಕುರ್ಚಿಯಲ್ಲಿ ಮುದುಕ ಖುಷಿಯಿಂದ ಅಲುಗುತ್ತಿದ್ದ. "ಕಳ್ಳರು ಬಂದ್ರೆ ಅದನ್ನೇ ಹೊತ್ಕೊಂಡು ಹೋಗ್ಲಿ ಅಂತ. ಎರಡು ಸಲ ಹೊತ್ಕೊಂಡೂ ಹೋದ್ರು, ಪಾಪ. ಅದಕ್ಕೆ ಹೊಸದು ಇಡ್ತೀನಿ."

ಆ ಗುಡ್ಡದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಾಂಜಾ ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ ನಿಜವಾದ ಹೆಸರನ್ನು ಡಬ್ಬದ ಮೇಲೆ ಬರೆಯುವವನನ್ನು ಹುಚ್ಚ ಎನ್ನುತ್ತಿದ್ದರು. ಒಳ್ಳೆಯದಕ್ಕೆ ಕೆಟ್ಟ ಹೆಸರು, ಕೆಟ್ಟದ್ದಕ್ಕೆ ಒಳ್ಳೆಯ ಹೆಸರು. ಕಾನೂನು ಬದಲಾಯಿತು, ಪರವಾನಗಿ ಬಂತು, ಗೋಡೆಗೆ ಚೌಕಟ್ಟು ಹಾಕಿ ನೇತುಹಾಕಿದ್ದೂ ಆಯಿತು. ಮುದುಕರ ಕೈ ಮಾತ್ರ ಹಳೆಯ ಚಾಳಿ ಬಿಡಲಿಲ್ಲ.

"ಹಾಗಾದ್ರೆ ನಿಜವಾದ್ದು ಯಾವ ಹೆಸರಲ್ಲಿದೆ?"

"ನಿನ್ನ ಮೂಗನ್ನ ಕೇಳು."

ಲೊರೇನ್ ಒಂದೊಂದೇ ಕಾಂಡ ಉಜ್ಜುತ್ತ ಬಂದಳು. ನಡುನಡುವೆ ಬೆರಳನ್ನು ಪೆಟ್ರಾ ತಂದುಕೊಟ್ಟ ಕಾಫಿಪುಡಿಗೆ ಅದ್ದಿ ವಾಸನೆ ತೊಳೆದುಕೊಂಡಳು. ಕೊನೆಯ ಸಾಲಿನ ಕೊನೆಯ ಗಿಡವೂ ಮುಗಿಯಿತು. "ಇಲ್ಲಿಲ್ಲ."

"ಸರಿಯಾಗಿ ನೋಡೇ."

"ಇಲ್ಲಿಲ್ಲ ಅಂದೆನಲ್ಲ!"

ಹಾರ್ಲನ್ ಕತ್ತು ಚಾಚಿ ಗೋಡೆಯ ಬದಿಯ ಬೆಂಚನ್ನು ನೋಡಿದ. ಬೆಂಚು ಖಾಲಿಯಾಗಿ, ತೊಳೆದು ಒರೆಸಿ ಹೊಳೆಯುತ್ತಿತ್ತು. ಅವನ ನಗು ಆರಿಹೋಯಿತು. "ಪೆಟ್ರಾ, ಇಲ್ಲಿದ್ದ ದೊಡ್ಡ ಡಬ್ಬ ಎಲ್ಲಮ್ಮ?"

"ಅದಾ? ಬಿಸಾಕಿದೆ ಮಾಮ."

"ಬಿಸಾಕಿದ್ಯಾ! ಯಾರನ್ನ ಕೇಳಿ ಬಿಸಾಕಿದೆ?"

"ಯಾರನ್ನ ಕೇಳ್ಬೇಕು? ಅದರ ಮೇಲೆ 'ಬಿಸಾಕೋದು' ಅಂತ ನೀವೇ ಬರೆದಿದ್ರಲ್ಲ, ಅಷ್ಟು ದೊಡ್ಡದಾಗಿ! ಇಷ್ಟು ದಿನ ಯಾಕೆ ಬಿಸಾಕಿಲ್ವೋ ಅಂತ ಆಶ್ಚರ್ಯ ಪಟ್ಕೊಂಡೇ ಬಿಸಾಕಿದೆ."

ಪಾಪ, ಅವಳದ್ದೇನು ತಪ್ಪು? ಓದು ಬರಹ ಬಲ್ಲ ಯಾವ ಮನುಷ್ಯರಾದರೂ ಅದನ್ನೇ ಮಾಡುತ್ತಿದ್ದರು. ಕಳ್ಳರ ಕಣ್ಣಿಗೆ ಮಣ್ಣೆರಚಲು ಹೋದ ಹಾರ್ಲನ್, ತನ್ನ ಮನೆಯವರ ಕಣ್ಣಿಗೇ ಎರಚಿಕೊಂಡಿದ್ದ.

ಲೊರೇನ್ ಆಗಲೇ ಓಡುತ್ತಿದ್ದಳು. ಅರವತ್ತಾರರ ಮೊಣಕಾಲುಗಳು ಬೈದುಕೊಳ್ಳುತ್ತ ಅವಳ ಹಿಂದೆ ಬಂದವು. ಬೇಲಿಯಾಚೆ ಗೊಬ್ಬರದ ರಾಶಿ, ಅದರ ಮೇಲೆ ಮೊಟ್ಟೆಯ ಚಿಪ್ಪು, ಕಾಫಿಯ ಗಷ್ಟು, ಕೊಳೆತ ಎಲೆಕೋಸು, ಸೌದೆ ಒಲೆಯ ಬೂದಿ. ಅವಳು ಮಂಡಿಯೂರಿ ಎರಡೂ ಕೈಯಲ್ಲಿ ಬಗೆದಳು. ಎಲೆಕೋಸಿನ ಕೆಳಗೆ ಒಂದು ಬೇರಿನ ಮುದ್ದೆ ಸಿಕ್ಕಿತು, ಅದಕ್ಕೆ ಅಂಟಿಕೊಂಡು ಮಣಿಕಟ್ಟಿನಷ್ಟು ದಪ್ಪದ ಕಾಂಡ. ಕೊಂಬೆಗಳು ಜೋತುಬಿದ್ದಿದ್ದವು. ಅರ್ಧಕ್ಕರ್ಧ ಕಪ್ಪಾಗಿದ್ದವು. ಆದರೆ ಕರಾವಳಿಯ ಮಂಜು ವಾರವೆಲ್ಲ ರಾಶಿಯ ಮೇಲೆ ಕೂತಿದ್ದರಿಂದ ಬುಡದ ಎರಡು ಕೊಂಬೆಗಳಲ್ಲಿ ಇನ್ನೂ ಹಸಿರಿತ್ತು.

ಹೆಬ್ಬೆರಳಿಂದ ಉಜ್ಜಿದಳು. ಮೂಸಿದಳು.

ಕಾಳುಮೆಣಸು. ಅದರ ಹಿಂದೆಯೇ ಸುಟ್ಟ ಕಿತ್ತಳೆ ಸಿಪ್ಪೆ. ಅದರ ಹಿಂದೆ ವೆಂಡೆಲ್‌ನ ಹಳೆಯ ಕೋಟು, ಅವನ ಗಡ್ಡ, ಸಂಜೆಯ ಜಗಲಿ. ಲೊರೇನ್ ಗೊಬ್ಬರದ ರಾಶಿಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು, ಅತ್ತಿದ್ದಕ್ಕೆ ಒಂದಿಷ್ಟೂ ನಾಚಲಿಲ್ಲ.

"ಸಿಕ್ತು," ಎಂದಳು, ಕುರ್ಚಿ ಹತ್ತಿರ ಬಂದಾಗ. "ನನ್ನ ವೆಂಡೆಲ್ ಮಾಡಿದ ಗಿಡ, ಕಸದಲ್ಲಿದ್ರೂ ಗೊತ್ತಾಗತ್ತೆ ನಂಗೆ. ಹಿಂದೆ ಒಂದ್ಸಲ ಸಾವಿನ ಬಾಯಿಂದ ಎಳೆದು ತಂದಿದ್ದೆ, ಇದು ಎರಡನೇ ಸಲ."

ಹಾರ್ಲನ್ ತುಟಿ ಬಿಗಿದುಕೊಂಡ. ಆಮೇಲೆ, "ಅದು ವೆಂಡೆಲ್ ಮಾಡಿದ್ದಲ್ಲ ಲೊರೇನ್. ನಾನು ಮಾಡಿದ್ದು," ಎಂದ.

"ನಿಂಗೆ ಔಷಧಿ ಜಾಸ್ತಿಯಾಗಿದೆ."

"ಬಾಯಿ ಮುಚ್ಕೊಂಡು ಕೇಳು. ಈ ಮಾತು ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಆದ್ರೆ ನನ್ನ ಗಿಡ ನನ್ನ ಮನೇಲೇ ಕಸಕ್ಕೆ ಹೋಗಿ ಬಂತು. ನಾನೂ ಇನ್ನೆಷ್ಟು ದಿನ ಇರ್ತೀನೋ. ಒಂದ್ಸಲ ಆದ್ರೂ ನಂದು ಅಂತ ಹೇಳ್ಕೋಬೇಕು." ಮುದುಕ ಉಸಿರು ಎಳೆದುಕೊಂಡ. "ಅವತ್ತು ನೀನು ಜೈಲಿಗೆ ವೆಂಡೆಲ್‌ನ ನೋಡೋಕೆ ಹೋಗಿದ್ದೆ. ದೀಪದ ಜನರೇಟರ್ ನೋಡ್ಕೊಳ್ಳೋಕೆ ನನ್ನ ಬಿಟ್ಟಿದ್ದೆ. ಕಪಾಟು ತೆಗೆದು ನೋಡ್ತೀನಿ, ಪಾದ್ರಿ ಸತ್ತು ಮಲಗಿದೆ. ಬೇರು ಪೂರ್ತಿ ಕೊಳೆತಿತ್ತು. ದಿನಾ ನೀರು ಹಾಕ್ತಿದ್ಯಲ್ಲ, ಗಂಡನ ಮೇಲಿನ ಪ್ರೀತಿನೆಲ್ಲ ಆ ಡಬ್ಬಕ್ಕೆ ಸುರೀತಿದ್ದೆ. ಆಗಿನ್ನೂ ಅವನು ಯಾರಿಗೂ ಕಡ್ಡಿ ಕೊಟ್ಟಿರ್ಲಿಲ್ಲ, ಜಿಪುಣ. ಇದ್ದಿದ್ದು ಅದೊಂದೇ. ನೀನು ವಾಪಸ್ ಬಂದು ಅದನ್ನ ನೋಡಿದ್ರೆ ಏನಾಗ್ತೀಯೋ ಅಂತ ಭಯ ಆಯ್ತು. ನನ್ನ ಹತ್ರ ಅಷ್ಟೇ ಎತ್ತರದ್ದು ಒಂದಿತ್ತು. ತಂದು ಇಟ್ಟೆ."

"ಮೀನಿನ ನೀರು..." ಎಂದಳು ಲೊರೇನ್.

"ಮೀನಿನ ನೀರು ನೀನು ಹಾಕಿ ಹೋಗಿದ್ದು ಆ ಸತ್ತ ಗಿಡಕ್ಕೆ. ಬಂದು ನೋಡಿದ ಹಸಿರು ನನ್ನ ಗಿಡದ್ದು."

ಲೊರೇನ್‌ಗೆ ಮೊದಲು ಬಂದದ್ದು ಸಿಟ್ಟು. ಅವಳು ಆ ಗಿಡದ ಕಾಂಡ, ಹೂವು ಮೂಸಿದ್ದೆಲ್ಲ ವೆಂಡೆಲ್ ಜೈಲಿನಿಂದ ಬಂದಮೇಲೆ. ಹಿಂದಿನದ್ದನ್ನು ಅವನು ಗುಟ್ಟಾಗಿ ಬೆಳೆದಿದ್ದ, ಅದು ಹೂ ಬಿಡುವ ಹೊತ್ತಿಗೆ ಪೊಲೀಸರು ಕಡಿದಿದ್ದರು. ಅವಳ ಜಗತ್ಪ್ರಸಿದ್ಧ ಮೂಗು ಪಾದ್ರಿಯ ವಾಸನೆ ಎಂದು ಕಲಿತದ್ದೇ ಹಾರ್ಲನ್‌ನ ಗಿಡದಿಂದ. ಇಡೀ ಕಣಿವೆಗೆ ಬುದ್ಧಿ ಹೇಳಿಕೊಂಡು ತಿರುಗಿದವಳು ತಾನೇ ಕಿವಿಯ ಮೇಲೆ ಹೂ ಇಟ್ಟುಕೊಂಡು ತಿರುಗಿದ್ದಳು.

"ಇಷ್ಟು ವರ್ಷ ನನ್ನ ಮೂಗಿಗೆ ತುಪ್ಪ ಸವರಿದ್ಯಾ? ಊರೆಲ್ಲ ಸಾರ್ಕೊಂಡು ಬಂದೆನಲ್ಲೋ! ವೆಂಡೆಲ್‌ಗೂ ಮೋಸ ಮಾಡ್ದೆ! ಪಾಪ, ಅವನು ಸಾಯೋವರೆಗೂ ತನ್ನದೇ ಗಿಡ ಅಂದ್ಕೊಂಡಿದ್ದ."

"ವೆಂಡೆಲ್‌ಗೆ ಮೊದಲನೇ ದಿನಾನೇ ಗೊತ್ತಾಯ್ತು."

ಲೊರೇನ್ ಕೈಯಲ್ಲಿದ್ದ ಬೇರಿನ ಮುದ್ದೆಯನ್ನು ನೆಲಕ್ಕಿಟ್ಟಳು.

"ಜೈಲಿಂದ ಬಂದ ದಿನ ನೀನು ಕಪಾಟು ತೆಗೆದು ತೋರ್ಸಿದ್ಯಂತೆ. ಅವನು ಕಾಂಡ ಉಜ್ಜಿ ಮೂಸಿದ. ಏನಂದ ನಿಂಗೆ?"

ಅವಳಿಗೆ ನೆನಪಿತ್ತು. "ಇದೇ ಕಣೇ ನಮ್ಮ ಪಾದ್ರಿ, ಅಂದ."

"ಅವತ್ತು ಸಂಜೆ ನನ್ನ ಮನೆಗೆ ಬಂದ. ಬಾಗಿಲಲ್ಲೇ ನಿಂತು ಅತ್ತ. ಎಂಟು ವರ್ಷದ ಕೆಲಸ, ಸುಮ್ನೇನಾ? ಆಮೇಲೆ ತೋಳಲ್ಲಿ ಮೂಗು ಒರೆಸ್ಕೊಂಡು ಅಂದ, 'ಆ ಗಿಡ ತೋರಿಸೋವಾಗ ಅವಳ ಮುಖ ನೀನು ನೋಡ್ಬೇಕಿತ್ತು ಹಾರ್ಲನ್. ಈ ವಿಷಯ ನಮ್ಮಿಬ್ಬರಲ್ಲೇ ಇರ್ಲಿ.' ಅಷ್ಟೇ. ಆಮೇಲೆ ಈ ಮಾತು ಎತ್ತಲಿಲ್ಲ. ನೀನು ಆ ಮೀನಿನ ಕಥೆ ಹೇಳ್ದಾಗೆಲ್ಲ ನಮ್ಮಿಬ್ಬರಿಗೂ ಸುಮ್ನೆ ತಲೆ ಅಲ್ಲಾಡಿಸೋದೇ ಕೆಲಸ. ಅವನು ಹೋದ ದಿನ ನನ್ನಿಂದ ಆಗ್ಲಿಲ್ಲ, ಎದ್ದು ಹೋದೆ."

ವೆಂಡೆಲ್ ಹೆಂಡತಿಯೊಂದಿಗಿಂತ ಗಿಡಗಳೊಂದಿಗೆ ಜಾಸ್ತಿ ಮಾತಾಡುವ ಗಂಡಸು. ತನ್ನ ಮೇಲೆ ಅವನಿಗೆ ಪ್ರೀತಿ ಇದ್ದರೆ ಅದು ಆ ಗಿಡವನ್ನು ಉಳಿಸಿಕೊಟ್ಟೆ ಎಂಬುದಕ್ಕೆ ಎಂದು ಲೊರೇನ್ ಒಳಗೊಳಗೇ ನಂಬಿದ್ದಳು. ಅದಕ್ಕೇ ಆ ಕಥೆಯನ್ನು ಅಷ್ಟು ಸಲ ಹೇಳಿದ್ದು, ಅದಕ್ಕೇ ಆ ಗಿಡ ಅಷ್ಟು ಬೇಕಾಗಿದ್ದು. ಅವನು ಮಾತ್ರ ಗಿಡ ಹೋಯಿತೆಂದು ಗೊತ್ತಿದ್ದೂ, ಅವಳೇ ಕೊಂದಳೆಂದು ಗೊತ್ತಿದ್ದೂ, ಜಗಲಿಯ ಮೇಲೆ ಪ್ರತಿ ಸಂಜೆ ಇನ್ನೊಬ್ಬನ ಗಿಡವನ್ನು ಸೇದಿ, ನಮ್ಮ ಪಾದ್ರಿ ಎಂದು ಹೊಗಳಿ, ಅವಳ ಮುಖ ನೋಡುತ್ತ ಕೂತಿದ್ದ. ಅವಳಿಗೆ ಅವನನ್ನು ಈಗಲೇ ಹಿಡಿದು ಬೈಯಬೇಕು ಅನ್ನಿಸಿತು. ಬೈದು ಮುಗಿಸಿ ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡಕ್ಕೂ ಅವನಿರಲಿಲ್ಲ.

ಪೆಟ್ರಾ ಮೆಲ್ಲಗೆ ಕೇಳಿದಳು, "ಆಂಟಿ, ಹಾಗಾದ್ರೆ ಇದನ್ನ ಏನ್ಮಾಡೋದು? ವಾಪಸ್ ಬಿಸಾಕೋದಾ?"

"ಮುಟ್ಟಿದ್ರೆ ನೋಡು!" ಎಂದು ಲೊರೇನ್ ಮತ್ತು ಹಾರ್ಲನ್ ಒಟ್ಟಿಗೆ ಕೂಗಿದರು.

ಲೊರೇನ್ ಎದ್ದು ಮೊಣಕಾಲಿನ ಬೂದಿ ಕೊಡವಿಕೊಂಡಳು. ಕುರ್ಚಿಯ ಮುಂದೆ ಬಂದು ನಿಂತಳು. ಆ ಗುಡ್ಡದಲ್ಲಿ ಬೇರೆಯವರ ಗಿಡದ ಕಡ್ಡಿ ಕೇಳುವುದು ಸಣ್ಣ ಮಾತಲ್ಲ. ಟೋಪಿ ತೆಗೆದು, ಬೆಳೆದವನ ಹೆಸರು ಹಿಡಿದು ಕೇಳಬೇಕು. ಜನ ತನ್ನೆದುರು ಹಾಗೆ ನಿಲ್ಲುವುದು ಅವಳಿಗೆ ರೂಢಿಯಾಗಿತ್ತು, ತಾನು ಯಾರೆದುರೂ ನಿಂತು ಬಹಳ ಕಾಲವಾಗಿತ್ತು. ಉಣ್ಣೆಯ ಟೋಪಿ ತೆಗೆದಳು.

"ಹಾರ್ಲನ್ ಪ್ರೌಟಿ, ನಿನ್ನ ಗಿಡ ಚೆನ್ನಾಗಿದೆ. ನಂಗೊಂದು ಕಡ್ಡಿ ಕೊಡ್ತೀಯಾ?"

ಮುದುಕ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಎರಡು ತಗೋ," ಎಂದ. "ಒಂದು ಒಣಗಿದ್ರೆ ಇರ್ಲಿ."

ಹಸಿರಿದ್ದ ಕೊಂಬೆಗಳಿಂದ ತೆಗೆದ ಕಡ್ಡಿಗಳಲ್ಲಿ ಹೆಚ್ಚಿನವು ಬೇರು ಬಿಟ್ಟವು. ಮೇ ತಿಂಗಳ ಒಂದು ಶನಿವಾರ, ಊರಿನ ಸಮುದಾಯ ಭವನದಲ್ಲಿ, ಬೆಂಕಿಯಲ್ಲಿ ಎಲ್ಲ ಕಳೆದುಕೊಂಡವರಿಗೆ ಉಳಿದವರು ಕಡ್ಡಿ ಹಂಚುವ ಕೂಟ ನಡೆಯಿತು. ಹುರುಳಿಕಾಯಿ ಪಲ್ಯದಿಂದ ಹಿಡಿದು ಜಿಂಕೆ ಸಾಸೇಜಿನವರೆಗೆ ಮನೆಗೊಂದು ಪಾತ್ರೆ ಬಂದಿತ್ತು. ಲೊರೇನ್‌ಳ ಮೇಜಿನ ಮುಂದೆ ಸಾಲು ಬಾಗಿಲಿನಾಚೆಗೂ ಇತ್ತು. ಪಕ್ಕದಲ್ಲೇ ಹಾರ್ಲನ್, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುಮಗನ ಹಾಗೆ.

ಸಾಲಿನಲ್ಲಿ ಮೊದಲು ನಿಂತಿದ್ದವರು ಲಾರ್ಕ್ ಮತ್ತು ಅವಳ ಗಂಡ ದಾರಿಯೋ. ಹೊಸದಾಗಿ ಮನೆ ಕಟ್ಟಿ ವರ್ಷ ತುಂಬುವುದರೊಳಗೆ ಸುಟ್ಟುಕೊಂಡವರು. "ಕುರುಡು ಪಾದ್ರಿ ಸಿಕ್ಕಿತಂತಲ್ಲ ಆಂಟಿ!" ಎಂದಳು ಲಾರ್ಕ್, ಟೋಪಿ ಕೈಯಲ್ಲಿ ಹಿಡಿದು.

"ಇದು ಪಾದ್ರಿ ಅಲ್ಲಮ್ಮ," ಎಂದಳು ಲೊರೇನ್, ಇಡೀ ಭವನಕ್ಕೆ ಕೇಳುವ ಹಾಗೆ. "ಪಾದ್ರಿ ಸತ್ತು ಬಹಳ ವರ್ಷ ಆಯ್ತು. ಇದು ಹಾರ್ಲನ್ ಪ್ರೌಟಿ ಬೆಳೆದ ಗಿಡ. ನಾನು ನಿಮಗೆಲ್ಲ ಕೊಡ್ತಾ ಬಂದಿದ್ದೂ ಇದೇ. ಕೇಳಿಸ್ತಾ ಎಲ್ಲರಿಗೂ?"

ಭವನದಲ್ಲಿ ಅಲ್ಲಲ್ಲಿ ಮುಸಿಮುಸಿ ನಗು ಎದ್ದಿತು. ಲಾರ್ಕ್ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದಳು. "ಅರ್ಥ ಆಯ್ತು ಆಂಟಿ. ನಾವು ಯಾರಿಗೂ ಹೇಳಲ್ಲ."

"ಹೇಳಬೇಡ ಅಂದ್ನಾ? ಎಲ್ಲರಿಗೂ ಹೇಳು ಅಂತಾನೇ ಹೇಳಿದ್ದು!"

"ಹೂಂ ಹೂಂ. ಕಳ್ಳರೂ ಇಲ್ಲೇ ಕೇಳಿಸ್ಕೊಳ್ತಾ ಇರ್ತಾರಲ್ವಾ," ಎಂದು ದಾರಿಯೋ ಕಣ್ಣು ಮಿಟುಕಿಸಿದ. ಜೇಬಿನಿಂದ ಟೇಪು ತೆಗೆದು ಡಬ್ಬಕ್ಕೆ ಅಂಟಿಸಿ, ಬೇರೆಯವರಿಗೆ ಕಾಣದಂತೆ ಅಂಗೈ ಮರೆಮಾಡಿಕೊಂಡು, 'ಬೆಂಡೆಕಾಯಿ' ಎಂದು ಬರೆದ. "ಪಾದ್ರಿ ನಮ್ಮ ಹತ್ರ ಭದ್ರ, ನೀವು ಚಿಂತೆ ಮಾಡ್ಬೇಡಿ."

ಲೊರೇನ್ ಹಾರ್ಲನ್‌ನ ಕಡೆ ತಿರುಗಿದಳು. ಮುದುಕ ಕುರ್ಚಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ.

"ಏನ್ ಬೇಕಾದ್ರೂ ಬರ್ಕೊಳ್ಳಿ," ಎಂದು ಲೊರೇನ್ ಡಬ್ಬವನ್ನು ಅವರ ಕಡೆ ನೂಕಿದಳು. "ಆದ್ರೆ ಪ್ರೀತಿ ಜಾಸ್ತಿಯಾಗಿ ದಿನಾ ನೀರು ಸುರೀಬೇಡಿ. ಮೊದಲನೇ ಪಾದ್ರೀನ ನಾನು ಹಾಗೇ ಕೊಂದಿದ್ದು."